ಒಂದೂವರೆ ಜನ

ಹಲ್ ಅಂದರೆ ನೀನು ಹಲ್ಲು ಅಂತಲೇ ಕೇಳಿಸಿಕೊಂಡೆ.
ಹಲ್ಲಿನೂರಾಗ ಹೆಂಗ ಇರ್ತೀ ನೀ, ಅಂದು ನಕ್ಕೆ.
ಇಲ್ಲಿ ಮನೆಗಳ ಹಿಂದಿನ ಓಣಿಗೆ ಟೆನ್‌ಫುಟ್ ಅನ್ನುತ್ತಾರೆ,
ಹತ್ತಡಿ.
ಅಳತೆಯನ್ನೇ ಹೆಸರಾಗಿಟ್ಟ ಊರು, ಗಿರಿಮಲ್ಲ,
ಅಳೆಯದೆ ನಿನ್ನನ್ನು ಹೇಗೆ ಕರೆಸಿಕೊಳ್ಳಲಿ?

ಮಂಗಳವಾರ ಕ್ರೇಗ್ ಬಂದ, ಕೋಣೆ ಅಳೆಯುವವನು.
ಬೂಟು ಬಿಚ್ಚಲೇ ಅಂದ. ಬೇಡ ಅಂದರೂ ಬಿಚ್ಚಿದ,
ಕಾಲುಚೀಲದ ಹೆಬ್ಬೆರಳಲ್ಲಿ ತೂತು.
ಅವನ ಕೈಯ ಪುಟ್ಟ ಯಂತ್ರದಿಂದ ಒಂದು ಕೆಂಪು ಚುಕ್ಕೆ
ಹೊರಟು ಎದುರು ಗೋಡೆಗೆ ಕೂತಿತು
ನಿನ್ನ ಫೋಟೋದ ಕಿವಿಯ ಪಕ್ಕ.
ಬರೆದುಕೊಂಡ. ಅಡ್ಡಕ್ಕೆ ಹಿಡಿದ. ಬರೆದುಕೊಂಡ.
ನೂರಾ ನಾಲ್ಕು ಚದರಡಿ.
ತೊಂಬತ್ತು ದಾಟಿದೆ, ನೂರಾ ಹತ್ತು ಮುಟ್ಟಿಲ್ಲ.
ಕಾಯಿದೆಯ ಪ್ರಕಾರ ಇಲ್ಲಿ ಮಲಗಬಹುದಾದವರು
ಒಂದೂವರೆ ಜನ.

ಅರ್ಧ ಅಂದರೆ?
ಸಣ್ಣ ಮಕ್ಕಳಿಗೆ ಅರ್ಧ ಲೆಕ್ಕ, ಅಂದ ಮೆಲ್ಲಗೆ.
ನಲವತ್ನಾಲ್ಕರ ನನ್ನನ್ನೊಮ್ಮೆ ನೋಡಿ
ಮುಂದೆ ಏನೂ ಹೇಳಲಿಲ್ಲ.

ರಾತ್ರಿ ಫೋನಿನಲ್ಲಿ ನೀನು:
ಆ ಅರ್ಧ ಮನಷ್ಯಾ ನಾನ ಆಗ್ತೀನಿ ಬಿಡು,
ಮಗ್ಗದ ಮಿಷಿನ್ನು ತಿಂದ ಎರಡು ಬಳ್ಳ
ಕಳದು ಲೆಕ್ಕಾ ಹಾಕು ಅನ್ನು ಅವಂಗ.

ಜಾಗದ ಮಾತು ಇಷ್ಟು. ದುಡ್ಡಿನದು ಬೇರೆ.
ವರ್ಷಕ್ಕೆ ಇಪ್ಪತ್ತೊಂಬತ್ತು ಸಾವಿರ ಪೌಂಡು ದುಡಿದವಳ ಹತ್ತಿರ
ಗಂಡ ಬಂದು ಇರಬಹುದು.
ಹಗಲು ಕೇರ್‌ಹೋಮಿನ ಲಾಂಡ್ರಿ,
ವಾರಕ್ಕೆರಡು ರಾತ್ರಿ ಮೇಲ್ಮಹಡಿಯ ಅಜ್ಜಿಯರು.
ಐವಿಗೆ ಮಗ್ಗುಲು ಬದಲಿಸಿ, ಬೆರಿಲ್‌ಗೆ ಮಾತ್ರೆ ನುಂಗಿಸಿ,
ಮೀನಿನ ಹಡಗಿಗೆ ಹೋದ ಗಂಡ ಇನ್ನೂ ಬಂದಿಲ್ಲವೆಂದು
ಮೂರು ಗಂಟೆಗೆ ಎದ್ದು ಕೂರುವ ಡೋರೀನ್‌ಗೆ
ಬರುತ್ತಾನೆ ಮಲಗಿ, ಎಂದು ಸುಳ್ಳು ಹೇಳುತ್ತೇನೆ.
ಆ ಸುಳ್ಳಿನ ಗಂಟೆಗೂ ಕೂಲಿಯುಂಟು,
ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಆರು ತಿಂಗಳ ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕಿನ ಹಾಳೆ.
ಚೀಟಿಯ ಅಂಕಿ ಹಾಳೆಯ ಅಂಕಿಯನ್ನು
ಬಸ್‌ಸ್ಟ್ಯಾಂಡಿನಲ್ಲಿ ಬೀಗರು ಬೀಗರನ್ನು ಗುರುತು ಹಿಡಿದ ಹಾಗೆ
ಹಿಡಿಯಬೇಕು.
ಐದು ತಿಂಗಳು ಹಿಡಿದವು.
ಫೆಬ್ರವರಿ ಕುಂಟಿತು, ಜೊತೆಗೆ ಉಳಿದೈದನ್ನೂ ಎಳೆದು ಕೂರಿಸಿತು.
ಆ ತಿಂಗಳು ಹದಿನೇಳು ದಿನ ಸಂಬಳವಿಲ್ಲದ ರಜೆ ಹಾಕಿ ನಾನು
ಜಮಖಂಡಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ
ನಿನ್ನ ಪಕ್ಕದ ಕುರ್ಚಿಯ ಮೇಲಿದ್ದೆ.
ಫ್ಯಾನು ತಿರುಗುತ್ತಿರಲಿಲ್ಲ. ನಿನ್ನ ಹೊಸ ಅಂಗಿಯ ಕಾಲರಿನಲ್ಲಿ
ಅಂಗಡಿಯ ಗುಂಡುಸೂಜಿ ಹಾಗೇ ಇತ್ತು.
ಮದುವೆಗೆ ಹೋದದ್ದಕ್ಕೇ
ಗಂಡ ಕಡಿಮೆ ಬಿದ್ದ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು
ಎರಡನ್ನೂ ಸ್ಕ್ಯಾನ್ ಮಾಡಿ ಕಳಿಸು ಅಂದಿರಲಿಲ್ಲ.
ಕಾಯಿರಿ, ಅನ್ನುತ್ತಾಳೆ ವಕೀಲೆ ಫರ್ಜಾನಾ,
ಆಗಸ್ಟಿನ ಚೀಟಿ ಕೈಗೆ ಬಂದರೆ
ಫೆಬ್ರವರಿ ತಾನಾಗಿಯೇ ಲೆಕ್ಕದಿಂದ ಜಾರುತ್ತದೆ.
ನಮ್ಮ ಮದುವೆ ಜಾರಲಿ ಎಂದು
ಕ್ಯಾಲೆಂಡರಿನ ಮುಂದೆ ನಿಂತಿದ್ದೇನೆ.

ಹೇಳುವುದು ಮರೆತೆ. ಅವತ್ತು ಕ್ರೇಗ್
ಬೂಟಿನ ದಾರ ಕಟ್ಟುತ್ತಾ ತಲೆಯೆತ್ತಿ
ಮೂಲೆಯಲ್ಲಿರುವ ಆ ಬಿಳಿ ಬಾಗಿಲೇನು, ಅಂದ.
ಗೋಡೆಗೇ ಕಟ್ಟಿದ ಬೀರು,
ಮನೆಯೊಡತಿ ಮೊರೀನಳ ತೀರಿಹೋದ ಗಂಡ ಮಾಡಿದ್ದು.
ತೆಗೆದೆ: ಎರಡು ಇಳಕಲ್ ಸೀರೆ, ಯೂನಿಫಾರ್ಮು,
ಕೆಳಗೆ ಜೋಳದ ಹಿಟ್ಟಿನ ಡಬ್ಬಿ.
ಇದೂ ನೆಲವೇ, ಅಂದ. ಮತ್ತೆ ಬೂಟು ಬಿಚ್ಚಿ, ಮಂಡಿಯೂರಿ,
ಸೆರಗು ಸರಿಸಿ
ಕೆಂಪು ಚುಕ್ಕೆಯನ್ನು ಕತ್ತಲೆಗೆ ಬಿಟ್ಟ.
ಆರೂವರೆ ಚದರಡಿ.
ಕೂಡಿಸಿದ. ಒಂದೂವರೆ ಹೊಡೆದುಹಾಕಿ
ಇಬ್ಬರು ಎಂದು ಬರೆದ.

ಅವನು ಹೋದಮೇಲೆ ಡಬ್ಬಿ ಸರಿಸಿ
ಒಳಗೆ ನಿಂತು ನೋಡಿದೆ.
ನನಗೆ ತಲೆ ತಾಗಲಿಲ್ಲ. ನಿನಗೆ ತಾಗೀತು.

ನಿನ್ನೆ ರಾತ್ರಿ ಡೋರೀನ್ ಮತ್ತೆ ಎದ್ದು ಕೂತಿದ್ದಳು.
ಬಂದನೇ?
ಆಗಸ್ಟ್ ಕಳೆಯಲಿ, ಅಂದೆ.
ಹಾಗಾದರೆ ಸರಿ, ಎಂದು
ಗೋಡೆಯ ಕಡೆ ಸರಿದು, ಹಾಸಿಗೆಯಲ್ಲಿ ಜಾಗ ಬಿಟ್ಟು
ಮಲಗಿದಳು.