ಆರು ಹಲ್ಲು ಕಮ್ಮಿ

ದುರ್ಗದಿಂದ ಮೊಳಕಾಲ್ಮೂರಿನವರೆಗೂ
ಮಾನಿಟರು ನನ್ನ ತೊಡೆಯ ಮೇಲೆ.
"ಟೀವಿ ಏನಪ್ಪಾ?" ಅಂದ ಕಂಡಕ್ಟರು.
ಹೌದು ಅಂದೆ. ಬಿಡಿಸಿ ಹೇಳುವಷ್ಟರಲ್ಲಿ
ಚಳ್ಳಕೆರೆ ಬಂದುಬಿಡುತ್ತಿತ್ತು.

ದಾವಣಗೆರೆಯ ಮುಚ್ಚಿದ ಮಿಲ್ಲೊಂದರ ಆಫೀಸಿನದು.
ಹರಾಜಿನಲ್ಲಿ ಆರು ಕೊಂಡಿದ್ದೆ, ಉಳಿದದ್ದು ಇದೊಂದೇ.
ಬೆನ್ನಿಗೆ ಇನ್ನೂ ಅಂಟಿದೆ ಚೀಟಿ: ನೂಲು ವಿಭಾಗ, ೪.
ಲೆಕ್ಕ ನೋಡಿ ನೋಡಿ ಒಂದು ಮೂಲೆ ಹಳದಿಗಟ್ಟಿದೆ.

ಬನಶಂಕ್ರಕ್ಕನ ಮನೆಯಲ್ಲಿ ಗುಂಡಿಮಗ್ಗ.
ಮೈದುನ ಕಾಲು ಇಳಿಬಿಟ್ಟು ನೇಯುತ್ತಾನೆ,
ಲಾಳಿಯ ಸದ್ದಿನ ಮೇಲೆ ದನಿ ಎತ್ತಿ ಎತ್ತಿ
ಮಗ್ಗ ನಿಂತಾಗಲೂ ಅವಳದು ಕೂಗುಮಾತೇ.
ಇಪ್ಪತ್ತೆರಡು ವರ್ಷ ಗ್ರಾಫ್ ಹಾಳೆಯಲ್ಲಿ
ಚೌಕಕ್ಕೊಂದು ಚುಕ್ಕಿಯಿಟ್ಟು ನವಿಲು ಮಾಡಿದವಳು
ಈಗ ಲ್ಯಾಪ್‌ಟಾಪಿನಲ್ಲಿ ಮಾಡುತ್ತಾಳೆ.
"ಅಂಗೈಯಗಲ ಐತೆ ತಮ್ಮಾ.
ಬಾಲ ನೋಡಿದ್ರೆ ಕೊಕ್ಕು ಕಾಣಲ್ಲ,
ಕೊಕ್ಕು ನೋಡಿದ್ರೆ ಬಾಲ ಎಲ್ಲಿಗೋ ಹೋಗಿರುತ್ತೆ."

ಕೇಬಲ್ಲು ತೆಗೆದೆ.
ಒಂದು ತುದಿ ಚಪ್ಪಟೆ, ಲ್ಯಾಪ್‌ಟಾಪಿಗೆ.
ಇನ್ನೊಂದು ಬಿಳಿ, ಅಗಲ, ಎರಡು ಕಿವಿಗೆ ಎರಡು ತಿರುಪು.
ಇಸಿದುಕೊಂಡಳು. ಬಾಗಿಲ ಬೆಳಕಿಗೆ ಹಿಡಿದಳು.
ಜಕಾರ್ಡಿನ ಸೂಜಿ ಎಣಿಸುವ ಹೆಬ್ಬೆರಳ ಉಗುರು
ಸಾಲಿನ ಮೇಲೆ ಸರಿಯಿತು, ನಿಂತಿತು, ಸರಿಯಿತು.
"ಅದರಾಗೆ ಇಪ್ಪತ್ನಾಲ್ಕು ತೂತು. ಇದಕ್ಕೆ ಹದಿನೆಂಟೇ.
ನಡುವೆ ಆರು ಹಲ್ಲು ಕಮ್ಮಿ.
ಯಾವನು ಕೊಟ್ಟ ನಿನಗೆ ಇದನ್ನ?"

ಹನ್ನೊಂದು ವರ್ಷದ ಕಸುಬು. ಯಾರೂ ಎಣಿಸಿರಲಿಲ್ಲ.
ನಾನೂ.
"ಈ ಅಗಲದ ಪರದೆಗೆ ಅಷ್ಟೇ ಸಾಕಕ್ಕಾ,
ಇನ್ನಾರು ಬೇಕಾಗೋದು ಇದಕ್ಕಿಂತ ದೊಡ್ಡದಕ್ಕೆ."
"ನಮ್ಮಲ್ಲಿ ಒಂದು ಸೂಜಿ ತಪ್ಪಿದ್ರೂ ಹೂವು ಹರಿಯುತ್ತೆ"
ಅಂದಳು. ನಂಬಲಿಲ್ಲ. ತಿರುಪು ಮಾತ್ರ ತಾನೇ ಬಿಗಿದಳು.

ಕಪ್ಪು.
ಆಮೇಲೆ ನೀಲಿ ಪೆಟ್ಟಿಗೆಯೊಂದು
ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲ ಎನ್ನುತ್ತಾ
ಮೂಲೆಯಿಂದ ಮೂಲೆಗೆ ಅಲೆಯಿತು.
ಮಗ್ಗ ನಿಂತಿತು. ಮೈದುನ ಗುಂಡಿಯಿಂದ ಕತ್ತು ಚಾಚಿದ.
"ಹೇಳಲಿಲ್ವಾ? ಆರು ಹಲ್ಲು."

ಪರದೆಯ ಅಂಚಿನಡಿ ತಡಕಿ ಗುಂಡಿ ಒತ್ತಿದೆ.
ಅದು ಹಳೆಯ ಅನಲಾಗ್ ದಾರಿಯಲ್ಲೇ ಕಾಯುತ್ತಿತ್ತು,
ಮಿಲ್ಲಿನ ಕೊನೆಯ ಗುಮಾಸ್ತ ಬಿಟ್ಟುಹೋದ ದಾರಿ.
ಬರುವವರು ಆ ಕಡೆಯಿಂದಲೇ ಬರಬೇಕು ಅಂತ.
ಡಿಜಿಟಲ್ಲಿಗೆ ತಿರುಗಿಸಿದೆ.
ಗೋಡೆಯ ಸುಣ್ಣಕ್ಕೂ ಬೆಳಕು ಹತ್ತಿತು.

ಇನ್ನೊಂದು ಎಡವಟ್ಟು. ಬಾಣ
ಲ್ಯಾಪ್‌ಟಾಪಿನ ಬಲ ಅಂಚಿನಿಂದ ಹೊರಬಿದ್ದು
ಎಡಗಡೆಯಿಟ್ಟ ಮಾನಿಟರಿನಲ್ಲಿ ಹುಟ್ಟುತ್ತಿತ್ತು.
ಅವಳು ತನ್ನ ಹೆಗಲು ತಟ್ಟಿಕೊಂಡಳು:
"ಸೆರಗು ಈ ಕಡೆ ಕಣೋ!"
ಒಂದು, ಎರಡು ಎಂದು ಬರೆದ ಚೌಕಗಳನ್ನು
ಎಳೆದು ಅದಲುಬದಲು ಮಾಡಿದೆ.
ಒಡಲು ಲ್ಯಾಪ್‌ಟಾಪಿನಲ್ಲಿ,
ಸೆರಗು ಮಿಲ್ಲಿನ ಪರದೆಯಲ್ಲಿ.

ನವಿಲು ಜುಟ್ಟಿನಿಂದ ಬಾಲದ ತುದಿಯವರೆಗೆ ನಿಂತಿತು.
ಬನಶಂಕ್ರಕ್ಕ ಏನೂ ಅನ್ನಲಿಲ್ಲ.
ಹತ್ತಿರ ಹೋದಳು, ಹಿಂದೆ ಸರಿದಳು,
ಒಂದು ಕಣ್ಣು ಮುಚ್ಚಿ ನೋಡಿದಳು.
ಮೊದಲ ಸಲ ದನಿ ಇಳಿಯಿತು.
"ಎಡಗಾಲು ನೆಲ ಮುಟ್ಟಿಲ್ಲ."
ಒಂದೇ ಒಂದು ಚೌಕ ಖಾಲಿ.

"ಹದಿನೇಳು ಸೀರೆ ಹೋದವಲ್ಲೋ ಹಿಂಗೇ"
ಅಂದಳು ಮೈದುನನಿಗೆ.
ಅವನು ಲಾಳಿ ಕೈಯಲ್ಲಿ ಹಿಡಿದೇ ಯೋಚಿಸಿದ.
"ಕುಣಿಯೋವಾಗ ಒಂದು ಕಾಲು ಮೇಲೇ ಇರುತ್ತೆ ಬಿಡು ಅತ್ತಿಗೆ."
"ನಾನು ಕುಣಿಯೋದು ಬರೆದಿರಲಿಲ್ಲ"
ಅಂದು ಚೌಕ ತುಂಬಿದಳು.

ಬೆನ್ನಿನ ಚೀಟಿ ಕೀಳಹೋದೆ, ಬೇಡ ಅಂದಳು.
ದುಡ್ಡು ಎಣಿಸಿಕೊಟ್ಟಳು. ಅರವತ್ತು ಕಮ್ಮಿಯಿತ್ತು.
"ಹಲ್ಲಿಗೆ ಹತ್ತರಂತೆ ಮುರ್ಕೊಂಡಿದೀನಿ."
ಜೇಬಿಗಿಟ್ಟುಕೊಂಡೆ.
ಸಂಜೆಯ ಬಸ್ಸಿನಲ್ಲಿ, ಚೀಲದಲ್ಲಿದ್ದ ಇನ್ನೊಂದು ಕೇಬಲ್ಲು ತೆಗೆದು
ಉಗುರಿನಿಂದ ಎಣಿಸತೊಡಗಿದೆ.
ಕುಲುಕಾಟಕ್ಕೆ ಒಂಬತ್ತರ ಹತ್ತಿರ ಲೆಕ್ಕ ತಪ್ಪಿತು.