ಕಟ್ಟೆ

ಕೋಳಿ ಮೊಟ್ಟೆಯಿಟ್ಟಿತ್ತು ಬಾನೆಟ್ಟಿನೊಳಗೆ.
ಅದನ್ನೂ ಸೇರಿಸಿಯೇ ತೂಕ ಹಾಕಿದ
ಸತ್ಯಮಂಗಲದ ಗುಜರಿಯವನು.
ಕಿಲೋ ಲೆಕ್ಕದಲ್ಲಿ ಬಂತು ತಾಳವಾಡಿಯ ನಮ್ಮ ಹಿತ್ತಿಲಿಗೆ
ಮಿಲಿಟರಿ ಹರಾಜಿನ ಹಳೇ ನಿಸ್ಸಾನ್ ಟ್ರಕ್ಕು,
ಟ್ರಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು,
ಒಲ್ಲದ ಹೋರಿಯ ಹಾಗೆ.

ಇದರಲ್ಲಿ ಏನದ ಅಂತ ಕೇಳಿದೆ.
ನಾಕೂ ಚಕ್ರ ಎಳೀತವ ಕಣಮ್ಮಿ, ನಾಕೂ, ಅಂದರು.
ಒಂದು ವಾರದೊಳಗೆ ನಾಲ್ಕೂ ಮಣ್ಣಲ್ಲಿ ಹೂತವು.

ಹನ್ನೆರಡು ವರ್ಷದ ಹುಡುಗನಾಗಿದ್ದಾಗ
ಇದೇ ಗಾಡಿಗೆ ಕ್ಲೀನರ್ ಇವರು.
ಇಳಿಯುವಾಗ ಗೌಂಡರ ಕೋಸು,
ಹತ್ತುವಾಗ ಗೊಬ್ಬರದ ಮೂಟೆ,
ನಡುವೆ ದಿಂಬಂ ಘಾಟಿನ ಇಪ್ಪತ್ತೇಳು ತಿರುವು.
ತಿರುವಿನಲ್ಲಿ ಉಸಿರು ಕಟ್ಟಿ ಗಾಡಿ ನಿಂತರೆ
ಧುಮುಕಿ, ಓಡಿ, ಹಿಂದಿನ ಗಾಲಿಗೆ ಕಟ್ಟೆ ಕೊಡಬೇಕು.
ಕಟ್ಟೆ ಅಂದರೆ ಹರಟೆ ಹೊಡೆಯುವ ಅರಳಿಕಟ್ಟೆಯಲ್ಲ,
ತಮಿಳು ಸೇರಿಕೊಂಡ ಮಾತು:
ಓರೆಯಾಗಿ ಕೊಯ್ದ ಮರದ ತುಂಡು.
ಡ್ರೈವರ್ ಪಳನಿಯಾಂಡಿ
ಒಂದು ದಿನಕ್ಕೂ ಸ್ಟಿಯರಿಂಗ್ ಮುಟ್ಟಿಸಲಿಲ್ಲ.
ಗಾಜು ಒರೆಸೋ ಅನ್ನುತ್ತಿದ್ದ.
ಒರೆಸಿದ ಮೇಲೆ ಹಿಂದೆ ಹತ್ತಿಕೋ.

ಎರಡು ವರ್ಷ.
ನನ್ನ ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ
ಕಾರ್ಬುರೇಟರಿನ ಒಂದೊಂದು ಚೂರು ಕೂತಿತು,
ಆ ತಟ್ಟೆ ಮತ್ತೆ ಒಲೆಯ ಮುಖ ನೋಡಲಿಲ್ಲ.
ಕೆರೆದ ತುಕ್ಕಿನ ದೂಳು ಹಾರಿ
ಹೊಲಿದಿಟ್ಟ ರೇಷ್ಮೆ ರವಿಕೆಯ ಮೇಲೆ ಕೂತು
ಚಿಕ್ಕಹಳ್ಳಿಯ ಗಿರಾಕಿ ಬೈದು ಹೋದಳು.
ಆರೂ ಸಿಲಿಂಡರಿಗೆ ಸೀಮೆಎಣ್ಣೆ ಹುಯ್ದು
ಒಂದು ತಿಂಗಳು, ಹಲ್ಲುಜ್ಜುವ ಮೊದಲೇ,
ಹ್ಯಾಂಡಲ್ಲಿಗೆ ತೂಕ ಬಿಟ್ಟು ನಿಲ್ಲುತ್ತಿದ್ದರು.
ಒಂದು ಬೆಳಗ್ಗೆ, ತಿರುಗ್ತು, ಅಂದರು.
ನನಗೇನೂ ಕಾಣಲಿಲ್ಲ.
ಅಕ್ಕಿಕಾಳಿನಷ್ಟು, ಅಂದರು.

ಮುಂದಿನ ಗಾಲಿಗೆ ಬಲ ಒಯ್ಯುವ ಶಾಫ್ಟೇ ಇರಲಿಲ್ಲ.
ಪೆಟ್ರೋಲ್ ಉಳಿಸಲು ಯಾರೋ ಬಿಚ್ಚಿದ್ದರು.
ಊರೆಲ್ಲ ಹುಡುಕಿದರೆ ಅದು ಗೌಂಡರ ಕೊಟ್ಟಿಗೆಯಲ್ಲಿ
ಎಮ್ಮೆ ಕಟ್ಟುವ ಗೂಟವಾಗಿ ನಿಂತಿತ್ತು.
ಬದಲಿಗೆ ಜಾಲಿಮರದ ಗೂಟ ನೆಟ್ಟು ಕಿತ್ತು ತಂದರು.
ಹೊಸ ಗೂಟಕ್ಕೆ ಒಗ್ಗದೆ ಎಮ್ಮೆ
ಎರಡು ದಿನ ಹಾಲು ಬಿಡಲಿಲ್ಲವಂತೆ,
ಗೌಂಡರ ಮಗ ಅದನ್ನೂ ಲೆಕ್ಕಕ್ಕೆ ಹಿಡಿದ.
ಅದರ ಕ್ರಾಸಿಗೆ ಕೊಯಮತ್ತೂರು, ಉಕ್ಕಡದ ಗುಜರಿ ಬೀದಿ,
ಮೂರು ದಿನ, ಮೂರು ರಾತ್ರಿ ಬಸ್‌ಸ್ಟ್ಯಾಂಡ್ ಬೆಂಚು.

ಮೇಲಿನ ಕ್ಯಾನ್ವಾಸ್ ಮಾತ್ರ ನನ್ನದು.
ಹನ್ನೊಂದು ಸೂಜಿ ಮುರಿದೆ.
ಹೊಲಿಗೆ ಸೊಟ್ಟಗಿದೆ ಅಂದವರಿಗೆ
ನಿಮ್ಮ ಬಂಪರ್ ನೆಟ್ಟಗಿದೆಯಾ ಅಂತ ಕೇಳಿದೆ.

ಕಾರ್ತೀಕದ ಒಂದು ಸೋಮವಾರ
ಕೆಮ್ಮಿ, ಕೆಮ್ಮಿ, ಕಪ್ಪು ಕಕ್ಕಿ, ಗಾಡಿ ಗುಡುಗಿತು.
ಪಕ್ಕದ ಮನೆಯವರು ಒಣಹಾಕಿದ ರಾಗಿ ಒಳಗೆ ಒಯ್ದರು.
ಮೋಡಕ್ಕೋ, ನಮಗೋ.

ಹಿತ್ತಿಲಿಂದ ರಸ್ತೆಗೆ ಒಂದೇ ಒಂದು ಏರು.
ನೀ ಕೂತ್ಕೊ, ಅಂದರು.
ಟಿವಿಎಸ್ ಫಿಫ್ಟಿ ಬಿಟ್ಟು ನಂಗೇನು ಬರ್ತದ?
ಹೊಲಿಗೆ ಮಿಷಿನ್ ತುಳಿಯೋ ಕಾಲು, ಸಾಕು, ಅಂದರು.
ಸಣ್ಣ ಲಿವರನ್ನು ತಾವೇ ಮುಂದೆ ನೂಕಿ,
ನಾಕೂ ಬಿತ್ತು, ಎಂದು ಕೆಳಗಿಳಿದು ಮಾಯವಾದರು.

ಕ್ಲಚ್ಚು ಬಿಟ್ಟೆ.
ಮುಂದಿನ ಗಾಲಿ ಮಣ್ಣನ್ನು ತಬ್ಬಿ ಎಳೆಯುವುದು
ತೊಡೆಯವರೆಗೆ ಗೊತ್ತಾಯಿತು.
ಕನ್ನಡಿಯಲ್ಲಿ ಇವರು:
ಐವತ್ತನಾಲ್ಕರ ಬಿಳಿತಲೆ, ಸೊಂಟ ಬಗ್ಗಿಸಿ,
ಕೈಯಲ್ಲಿ ಕಟ್ಟೆ ಹಿಡಿದು
ಹಿಂದಿನ ಗಾಲಿಯ ಜೊತೆಗೇ ಓಡುತ್ತಿದ್ದಾರೆ,
ಈಗ ನಿಂತೀತು, ಈಗ ಜಾರೀತು ಎಂದು ಕಿವಿ ಕೊಟ್ಟು.

ನಿಲ್ಲಲಿಲ್ಲ. ಜಾರಲಿಲ್ಲ.
ನಿಲ್ಲಿಸುವುದು ಹೇಗೆಂದು ಹೇಳಿಕೊಟ್ಟಿರಲೂ ಇಲ್ಲ,
ಮಾರಿಗುಡಿ ದಾಟಿ ಬಾಳೆಮಂಡಿಯ ಹತ್ತಿರ
ಎಂಜಿನ್ನು ತಾನೇ ಬೇಸತ್ತು ಸುಮ್ಮನಾಯಿತು.

ಏದುಸಿರು ಬಿಡುತ್ತಾ ಬಂದರು,
ಕೊಡುವ ಸಂದರ್ಭವೇ ಸಿಗದ ಕಟ್ಟೆ ಕೈಯಲ್ಲಿ.
ಆಚೆ ಸರಿದು ಜಾಗ ಬಿಟ್ಟೆ.
ಹತ್ತಿ, ಕೂತ್ಕೊಳಿ, ಅಂದೆ.

ಹೆಗಲ ಟವೆಲ್ಲು ತೆಗೆದು
ಮೊದಲು ಗಾಜು ಒರೆಸಿದರು.