ತಪ್ಪು ಮೂರು

ಖಶೂರಿ ಯಾರ್ಡಿನಲ್ಲಿ ಎಣ್ಣೆ ಇಳಿಸಿ ನಿಂತ ಟ್ಯಾಂಕರ್.
ತಾಳೆಯ ಲೆಕ್ಕಕ್ಕೆ ಕೊನೆಯ ಅಂಕಿ ನಾಲ್ಕಾಗಬೇಕಿತ್ತು;
ನಿದ್ದೆಗಣ್ಣಿನ ವಾಜಾ ಮೂರು ಬರೆದಿದ್ದ.

೭೩೯೩೯೧೩೩.

ತಿದ್ದಲು ಬಂದ ತ್ಸಿಯಾಲಾ, ಒಂದು ಕಾಲದ ಗಣಿತದ ಮೇಡಂ,
ಬ್ರಷ್ ಹಿಡಿದು ನಿಂತೇ ಇದ್ದಳು.
ನಾಲ್ಕಾದರೆ ಎರಡಕ್ಕೇ ಸೋಲುತ್ತದೆ.
ಹೀಗೇ ಬಿಟ್ಟರೆ ಯಾವ ಮಗ್ಗಿಗೂ ಸಿಗುವುದಿಲ್ಲ.

ಬಲತುದಿಯ ಅಂಕಿಗೆ ಅಂಗೈ ಅಡ್ಡ ಇಟ್ಟಳು:
ಉಳಿದದ್ದೂ ಅವಿಭಾಜ್ಯ.
ಇನ್ನೊಂದಕ್ಕೆ ಮೊಣಕೈ, ಮತ್ತೊಂದಕ್ಕೆ ಮಫ್ಲರ್,
ಹೀಗೆ ಎಪ್ಪತ್ತಮೂರು,
ಕೊನೆಗೆ ಒಂಟಿ ಏಳು.
ಎಲ್ಲೂ ಒಡೆಯಲಿಲ್ಲ.

ಸೀಮೆಸುಣ್ಣದಲ್ಲಿ ಬಲಕ್ಕೊಂದು ಅಂಕಿ ಸೇರಿಸಿ ನೋಡಿದಳು,
ಒಂದು, ಮೂರು, ಏಳು, ಒಂಬತ್ತು.
ಯಾವುದು ಸೇರಿದರೂ ಒಡೆಯಿತು.
ಕಳೆದುಕೊಳ್ಳಲು ಗೊತ್ತು ಇದಕ್ಕೆ,
ಬೆಳೆಯಲು ಗೊತ್ತಿಲ್ಲ.

"ಬಣ್ಣ ಹಚ್ಚಿ ಆಯ್ತಾ?" ಗುರಾಮ್ ಕೂಗಿದ.
"ಆಯ್ತು," ಎಂದಳು,
ಮುಚ್ಚಳ ತೆರೆಯದ ಡಬ್ಬಿಯ ಮೇಲೆ ಕೂತು.